ಅಪೀಲಿಗೂ ಒಂದು ಹದವಿದೆ



ಬೀಜ, ಗೊಬ್ಬರ, ಕೀಟಬಾಧೆಗಳ ಮಾತು ಬರಬೇಕಾದ ಈ ಪುಟದಲ್ಲಿ ಕೋರ್ಟಿನ ಮಾತು ಏಕೆ ಬಂತೆಂದು ನೀವು ಕೇಳಬಹುದು. ರೈತ ಸಂಪರ್ಕ ಕೇಂದ್ರಕ್ಕೆ ಬಿತ್ತನೆ ಬೀಜಕ್ಕೆಂದು ಬರುವವರಲ್ಲಿ ಪಹಣಿಯ ಜೊತೆಗೆ ಕೋರ್ಟಿನ ಕಾಗದವನ್ನೂ ಹಿಡಿದು ಬರುವವರು ಕಡಿಮೆಯಿಲ್ಲ. ಪಹಣಿಯಲ್ಲಿ ಹೆಸರಿದ್ದರೆ ತಾನೇ ಸಹಾಯಧನದ ಬೀಜ, ಬೆಳೆಸಾಲ, ಬೆಳೆವಿಮೆ? ಹೊಲದ ದಾವೆ ಸೋತವರಿಗೆ ಒಂದೊಂದಾಗಿ ಇವೆಲ್ಲ ಕೈತಪ್ಪುತ್ತವೆ. ಎರಡೂ ಕಡೆಯ ಮಾತು ಕೇಳಿ, ದಾಖಲೆ ತೂಗಿ ನೋಡಿ ಸೋಲು ಬಂದರೆ ಅದನ್ನು ನುಂಗಿಕೊಳ್ಳಬಹುದು. ಆದರೆ ಅಪೀಲು ಹಾಕುವ ದಿನ ಮೀರಿತೆಂಬ ಒಂದೇ ಕಾರಣಕ್ಕೆ, ಹೊಲ ಯಾರದೆಂಬ ಪ್ರಶ್ನೆಯನ್ನೇ ಎತ್ತದೆ, ಅಪೀಲು ವಜಾ ಆಗುವುದುಂಟು. ಅದು ನುಂಗಲಾರದ ತುತ್ತು. ಇಂದು ನಾನು ಹೇಳಹೊರಟಿರುವುದು ಅದರ ವಿಷಯವನ್ನೇ.

ನಮ್ಮ ಹೋಬಳಿಯ ಒಬ್ಬ ಹಿರಿಯ ರೈತರ ಸಂಗತಿಯನ್ನು ಹೇಳುತ್ತೇನೆ, ಹೆಸರು ಬೇಡ. ಅವರ ಮೇಲೆ ತಮ್ಮನ ಮಕ್ಕಳು ಪಾಲಿನ ದಾವೆ ಹೂಡಿದ್ದರು. 2 ಎಕರೆ 10 ಗುಂಟೆ ಜಮೀನು. ಅದು ತಾನು ಸ್ವಂತ ದುಡಿಮೆಯಿಂದ ಕೊಂಡದ್ದು, ಕೊಳವೆಬಾವಿ ತೆಗೆಸಿದ್ದೂ ತಾನೇ, ಆದ್ದರಿಂದ ಅದು ಕುಟುಂಬದ ಆಸ್ತಿಯಲ್ಲ ಎಂಬುದು ಅವರ ವಾದ. ಕೆಳಗಿನ ಕೋರ್ಟು ಅದನ್ನು ಒಪ್ಪದೆ, ತಮ್ಮನ ಮಕ್ಕಳಿಗೆ ಅರ್ಧ ಪಾಲೆಂದು ಪ್ರಾಥಮಿಕ ಡಿಕ್ರಿ ಕೊಟ್ಟಿತು. ತೀರ್ಪು ಬಂದದ್ದು ಶೇಂಗಾ ಕಳೆ ತೆಗೆಯುವ ಕಾಲದಲ್ಲಿ. ಊರಿನ ತಿಳಿದವರೆನಿಸಿಕೊಂಡವರು, "ಇದು ಬರೀ ಪ್ರಾಥಮಿಕ ಡಿಕ್ರಿ, ಇನ್ನೂ ಅಂತಿಮ ಡಿಕ್ರಿ ಆಗಬೇಕು, ಆವಾಗ ನೋಡಿದರಾಯಿತು" ಎಂದರು. ಇವರು ನಂಬಿದರು. 14 ತಿಂಗಳ ಮೇಲೆ ಸರ್ವೆಯವರು ಹೊಲಕ್ಕೆ ಬಂದು ಅಳತೆ ಹಿಡಿದಾಗ ಗಾಬರಿಯಾಗಿ ವಕೀಲರಲ್ಲಿಗೆ ಓಡಿದರು. ಅಪೀಲು ಹಾಕಿದ್ದೂ ಆಯಿತು, ತಡವಾಯಿತೆಂದು ವಜಾ ಆದದ್ದೂ ಆಯಿತು. "ನನ್ನ ಕ್ರಯಪತ್ರವನ್ನು ಬಿಚ್ಚಿಯೂ ನೋಡಲಿಲ್ಲ ಸಾಹೇಬ್ರೇ" ಎಂದು ಅವರು ನಮ್ಮ ಕೇಂದ್ರದ ಕಟ್ಟೆಯ ಮೇಲೆ ಕುಳಿತು ಹೇಳಿದರು.

ಅವರ ಕ್ರಯಪತ್ರ ಗೆಲ್ಲುತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಅದನ್ನು ಹೇಳಬೇಕಾದ ಕೋರ್ಟಿನ ಬಾಗಿಲು ಮುಚ್ಚಿತಲ್ಲ, ಅದೇ ನಷ್ಟ.

ಪಾಲಿನ ದಾವೆಗಳಲ್ಲಿ ಈ ತಪ್ಪು ತಿಳುವಳಿಕೆ ಬಹಳ. ಸಿವಿಲ್ ಪ್ರಕ್ರಿಯಾ ಸಂಹಿತೆಯ 97ನೆಯ ಕಲಮು ಸ್ಪಷ್ಟವಾಗಿದೆ. ಪ್ರಾಥಮಿಕ ಡಿಕ್ರಿಯ ಮೇಲೆ ಅಪೀಲು ಹೋಗದವರು ಮುಂದೆ ಅಂತಿಮ ಡಿಕ್ರಿಯ ಮೇಲೆ ಅಪೀಲು ಹಾಕಿದಾಗ ಪ್ರಾಥಮಿಕ ಡಿಕ್ರಿ ಸರಿಯೋ ತಪ್ಪೋ ಎಂಬ ತಕರಾರು ಎತ್ತುವಂತಿಲ್ಲ. ಯಾರಿಗೆ ಎಷ್ಟು ಪಾಲು ಎಂಬುದು ಪ್ರಾಥಮಿಕ ಡಿಕ್ರಿಯಲ್ಲೇ ತೀರ್ಮಾನವಾಗಿರುತ್ತದೆ. ಅಂತಿಮ ಡಿಕ್ರಿಯಲ್ಲಿ ಉಳಿಯುವುದು ಯಾವ ಬದು ಯಾರ ಕಡೆಗೆ ಎಂಬ ಹಂಚಿಕೆ ಮಾತ್ರ. ಆದ್ದರಿಂದ "ಪ್ರಾಥಮಿಕ" ಎಂಬ ಶಬ್ದ ಕೇಳಿ ಯಾರೂ ನಿಶ್ಚಿಂತರಾಗಬೇಡಿ. ಪಾಲಿನ ದಾವೆಯಲ್ಲಿ ಅಪೀಲಿನ ದಿನ ಓಡಲು ಶುರುವಾಗುವುದು ಅಲ್ಲಿಂದಲೇ.

ಇನ್ನು ದಿನಗಳ ಲೆಕ್ಕ. ಇದನ್ನು ಠರಾಯಿಸಿರುವುದು 1963ರ ಕಾಲಪರಿಮಿತಿ ಕಾಯ್ದೆ. ಸಿವಿಲ್ ದಾವೆಯ ಡಿಕ್ರಿಯ ಮೇಲೆ ಹೈಕೋರ್ಟಿಗೆ ಅಪೀಲು ಹೋಗುವುದಾದರೆ 90 ದಿನ. ಬೇರೆ ಯಾವುದೇ ಕೋರ್ಟಿಗೆ ಹೋಗುವುದಾದರೆ 30 ದಿನ. ನಮ್ಮ ಹಿರಿಯರು ಈಗಲೂ ಮುನ್ಸಿಫ್ ಕೋರ್ಟು ಎಂದು ಕರೆಯುವ ಕಿರಿಯ ಶ್ರೇಣಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನ ತೀರ್ಪಾದರೆ ಅಪೀಲು ಹಿರಿಯ ಶ್ರೇಣಿಯ ಕೋರ್ಟಿಗೆ. ಅಂದರೆ 30 ದಿನದ ಲೆಕ್ಕ. ಹಳ್ಳಿಯ ಹೆಚ್ಚಿನ ವ್ಯಾಜ್ಯಗಳು ಈ 30 ದಿನದೊಳಗೇ ಬೀಳುತ್ತವೆ. ಹತ್ತು ಹನ್ನೆರಡು ವರ್ಷ ವಾಯಿದೆ ಮೇಲೆ ವಾಯಿದೆ ಎಂದು ಅಲೆದಾಡಿಸಿದ ದಾವೆಯೇ ಆಗಿರಲಿ, ತೀರ್ಪಾದ ಮೇಲೆ ಸಿಗುವುದು ಒಂದು ತಿಂಗಳು. ಕೋರ್ಟಿನ ನಿಧಾನವನ್ನು ನೋಡಿ ನೋಡಿ ಅಭ್ಯಾಸವಾದವರಿಗೆ ಈ ಅವಸರ ಹೊಳೆಯುವುದೇ ಇಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ.

ತೀರ್ಪು ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತೀರ್ಪಿನ ಮತ್ತು ಡಿಕ್ರಿಯ ನಕಲು ಪಡೆಯಲು ಬೇಕಾದ ಕಾಲವನ್ನೂ ಕಳೆಯಬಹುದು. ಇದನ್ನು ಒಂದು ಉದಾಹರಣೆಯಿಂದ ನೋಡೋಣ. ಜೂನ್ 10ರಂದು ತೀರ್ಪಾಯಿತೆನ್ನಿ. ಮಾರನೆಯ ದಿನದಿಂದ ಎಣಿಸಿದರೆ ಜುಲೈ 10ಕ್ಕೆ 30 ದಿನ ಮುಗಿಯುತ್ತದೆ. ನೀವು ಜೂನ್ 14ರಂದು ನಕಲಿಗೆ ಅರ್ಜಿ ಕೊಟ್ಟು, ಜೂನ್ 25ಕ್ಕೆ ನಕಲು ಸಿದ್ಧವಾದರೆ ಆ 12 ದಿನ ನಿಮಗೆ ಸೇರುತ್ತದೆ. ಕೊನೆಯ ದಿನ ಜುಲೈ 22 ಆಗುತ್ತದೆ. ಆದರೆ ನಕಲು ಸಿದ್ಧವಾಗಿ ಕಚೇರಿಯಲ್ಲಿ ಬಿದ್ದಿರಲು ನೀವು ನಾಟಿ ಮುಗಿಸಿಕೊಂಡು ಜುಲೈ 5ಕ್ಕೆ ಹೋಗಿ ತಂದರೆ, ನಡುವಿನ ಹತ್ತು ದಿನ ನಿಮ್ಮ ಲೆಕ್ಕದಲ್ಲೇ ಖರ್ಚು ಬೀಳುತ್ತದೆ. "ನಕಲು ಕೈಗೆ ಬಂದ ದಿನದಿಂದ 30 ದಿನ" ಎಂದು ಬಸ್ ಸ್ಟ್ಯಾಂಡಿನಲ್ಲಿ ಹೇಳುವವರಿದ್ದಾರೆ. ಅದನ್ನು ನಂಬಬೇಡಿ. ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಈ ಮೂರನ್ನೂ ನಕಲಿನ ಮೇಲೆಯೇ ನಮೂದಿಸಿರುತ್ತಾರೆ. ನಕಲು ಕೈಗೆ ಬಂದೊಡನೆ ಮೊದಲು ಓದಬೇಕಾದದ್ದು ಅದನ್ನು.

ಕೊನೆಯ ದಿನ ಕೋರ್ಟಿಗೆ ರಜೆಯಿದ್ದರೆ ಬಾಗಿಲು ತೆರೆದ ದಿನ ಹಾಕಬಹುದು. ಬೇಸಿಗೆ ರಜೆಗೂ ದಸರಾ ರಜೆಗೂ ಇದೇ ನಿಯಮ. ತೆರೆದ ದಿನವೆಂದರೆ ಆ ದಿನವೇ, ಅದರ ಮರುದಿನವಲ್ಲ.

ದಿನ ಮೀರಿತೆಂದು ಎದುರು ಪಕ್ಷದವರು ಹೇಳದಿದ್ದರೆ ನಡೆದೀತು ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಕಾಯ್ದೆಯ 3ನೆಯ ಕಲಮಿನ ಪ್ರಕಾರ ಎದುರಿನವರು ಬಾಯಿ ಬಿಡದಿದ್ದರೂ ತಡವಾದ ಅಪೀಲನ್ನು ಕೋರ್ಟು ವಜಾ ಮಾಡಲೇಬೇಕು. ನ್ಯಾಯಾಧೀಶರಿಗೆ ಕನಿಕರವಿಲ್ಲವೆಂದು ಬೈಯುವುದು ಅನ್ಯಾಯ. ಕನಿಕರಕ್ಕೆ ಬೇರೊಂದು ಕಲಮು ಇದೆ, 5ನೆಯದು. ಸಾಕಷ್ಟು ಕಾರಣ ತೋರಿಸಿದರೆ ವಿಳಂಬವನ್ನು ಮನ್ನಿಸಬಹುದೆಂದು ಅದು ಹೇಳುತ್ತದೆ. ಅದಕ್ಕೆ ಅಪೀಲಿನ ಜೊತೆಯಲ್ಲಿಯೇ ಒಂದು ಅರ್ಜಿ, ಅರ್ಜಿಗೆ ಒಂದು ಅಫಿಡವಿಟ್ಟು ಹಾಕಬೇಕು. ಅಷ್ಟೇ ಅಲ್ಲ, ಅಪೀಲನ್ನು ವಿಚಾರಣೆಗೆ ತೆಗೆದುಕೊಳ್ಳಬೇಕೇ ಎಂಬುದು ತೀರ್ಮಾನವಾಗುವವರೆಗೆ ಡಿಕ್ರಿಗೆ ತಡೆಯಾಜ್ಞೆ ಕೊಡುವಂತಿಲ್ಲ. ಇದರ ಅರ್ಥವನ್ನು ಸ್ವಲ್ಪ ಯೋಚಿಸಿ. ಹೊತ್ತಿಗೆ ಸರಿಯಾಗಿ ಅಪೀಲು ಹಾಕಿದವರು ಅಂದೇ ತಡೆಯಾಜ್ಞೆ ಕೇಳಬಹುದು. ತಡವಾಗಿ ಹೋದವರು ತಡದ ವಾದ ಮುಗಿಯುವವರೆಗೆ ಕೈಕಟ್ಟಿ ಕುಳಿತಿರಬೇಕು. ಅಷ್ಟರಲ್ಲಿ ಎದುರಿನವರು ಅಮೀನರನ್ನು ಕರೆತಂದು ಹೊಲದ ಸ್ವಾಧೀನ ಪಡೆದರೆ ಅದು ಅವರ ಹಕ್ಕು. ನಿಂತ ಬೆಳೆ ಯಾರ ಪಾಲಿಗೆಂಬ ಹೊಸ ಜಗಳ ಬೇರೆ.

ಸಾಕಷ್ಟು ಕಾರಣವೆಂದರೆ ಯಾವುದು? ಇದಕ್ಕೆ ಸುಪ್ರೀಂ ಕೋರ್ಟಿನ ತೀರ್ಪುಗಳೇ ದಾರಿ. ರೇವಾ ಕೋಲ್‌ಫೀಲ್ಡ್ಸ್ ಕಂಪನಿಯ ಮೊಕದ್ದಮೆಯಲ್ಲಿ ಅಪೀಲು ತಡವಾದದ್ದು ಕೇವಲ ಒಂದು ದಿನ. ಕೊನೆಯ ದಿನವೇ ಕಕ್ಷಿದಾರರಿಗೆ ಕಾಯಿಲೆ. ಅದಕ್ಕೂ ಮುಂಚಿನ ದಿನಗಳಲ್ಲೆಲ್ಲ ಏಕೆ ಸುಮ್ಮನಿದ್ದಿರಿ ಎಂದು ಕೇಳುವುದು ಸರಿಯಲ್ಲ, ವಾಯಿದೆಯ ಕೊನೆಯ ದಿನದವರೆಗೆ ಕಾಯುವುದು ಕಕ್ಷಿದಾರರ ಹಕ್ಕು, ಕಾರಣ ಕೊಡಬೇಕಾದದ್ದು ಆ ದಿನದಿಂದ ಆಚೆಗೆ ಎಂದು 1961ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 1998ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ 883 ದಿನದ ವಿಳಂಬವನ್ನೂ ಮನ್ನಿಸಿತು. ತಡ ಎಷ್ಟೆಂಬುದು ಮುಖ್ಯವಲ್ಲ, ಕೊಟ್ಟ ಕಾರಣ ನಂಬತಕ್ಕದ್ದೇ ಎಂಬುದು ಮುಖ್ಯ ಎಂದಿತು.

ಇದನ್ನು ಕೇಳಿ ಹಿಗ್ಗಬೇಡಿ. 2024ರಲ್ಲಿ ಆಂಧ್ರದಿಂದ ಬಂದ ಮೊಕದ್ದಮೆಯನ್ನೂ ನೋಡಬೇಕು. ತೆಲುಗು ಗಂಗಾ ಯೋಜನೆಗೆ ಜಮೀನು ಹೋದವರ ವಾರಸುದಾರರು ಪರಿಹಾರದ ವಿಷಯದಲ್ಲಿ 5659 ದಿನ, ಅಂದರೆ ಹದಿನೈದು ವರ್ಷಕ್ಕೂ ಮೇಲೆ ತಡವಾಗಿ ಅಪೀಲು ಹೋಗಿದ್ದರು. ಸುಪ್ರೀಂ ಕೋರ್ಟು ಮನ್ನಿಸಲಿಲ್ಲ. ಹಿರಿಯರು ಸತ್ತದ್ದು ನಮಗೆ ಗೊತ್ತಿತ್ತು, ಕೇಸಿನ ವಿಷಯ ಗೊತ್ತಿರಲಿಲ್ಲ ಎಂಬ ಮಾತು ಅಷ್ಟು ವರ್ಷಕ್ಕೆ ಸಾಲುವುದಿಲ್ಲ. ನಿಮ್ಮ ತಂದೆಯವರು ನಡೆಸುತ್ತಿದ್ದ ವ್ಯಾಜ್ಯದ ಕಡತ ಮನೆಯ ಅಟ್ಟದ ಮೇಲಿದ್ದರೆ ಇಂದೇ ಇಳಿಸಿ ನೋಡಿ.

ವಕೀಲರು ಹೇಳಲಿಲ್ಲ, ಗುಮಾಸ್ತರು ಮರೆತರು ಎಂಬ ಕಾರಣ ಸಾಕೇ? 1981ರಲ್ಲಿ, ವಕೀಲರು ಗೈರುಹಾಜರಾಗಿ ಅಪೀಲು ವಜಾ ಆದ ಮೊಕದ್ದಮೆಯೊಂದರಲ್ಲಿ, ಹಳ್ಳಿಯ ಕಕ್ಷಿದಾರನು ವಕೀಲರನ್ನು ನೇಮಿಸಿ, ಶುಲ್ಕ ಕೊಟ್ಟು ನಂಬಿದ ಮೇಲೆ ಅವರ ತಪ್ಪಿಗೆ ಅವನಿಗೆ ಶಿಕ್ಷೆ ಬೇಡವೆಂದು ಸುಪ್ರೀಂ ಕೋರ್ಟು ಅಪೀಲನ್ನು ಉಳಿಸಿಕೊಟ್ಟಿತು. 1993ರಲ್ಲಿ ಕಲ್ಕತ್ತೆಯ ಕಂಪನಿಯೊಂದು ಇದೇ ಆಸರೆ ಹಿಡಿದಾಗ ಒಪ್ಪಲಿಲ್ಲ. ನೀವೇನು ತಿಳಿಯದ ಹಳ್ಳಿಗರಲ್ಲವಲ್ಲ ಎಂಬುದು ಅದರ ಧೋರಣೆ. ಹಳ್ಳಿಯವರೆಂಬ ಈ ರಿಯಾಯಿತಿ ಎಷ್ಟು ದಿನ ನಡೆದೀತು? ಇಂದು ಕೋರ್ಟಿನ ಪ್ರತಿ ಮೊಕದ್ದಮೆಗೂ 16 ಅಕ್ಷರ ಅಂಕಿಗಳ ಒಂದು ಸಿ.ಎನ್.ಆರ್. ಸಂಖ್ಯೆ ಇದೆ. ಇ-ಕೋರ್ಟ್ಸ್ ಎಂಬ ಸರ್ಕಾರದ ಆ್ಯಪಿನಲ್ಲಿ ಅದನ್ನು ಒತ್ತಿದರೆ ಮುಂದಿನ ದಿನಾಂಕ ಯಾವುದು, ತೀರ್ಪಾಗಿದೆಯೇ ಎಂಬುದು ತಿಳಿಯುತ್ತದೆ. ಪೇಟೆ ಧಾರಣೆ ನೋಡಿಕೊಡುವ ಮನೆಯ ಹುಡುಗನೇ ಇದನ್ನೂ ನೋಡಿಕೊಡಬಲ್ಲ. ನಾನು ವಕೀಲರನ್ನು ದೂರುತ್ತಿಲ್ಲ. ಒಬ್ಬೊಬ್ಬರ ಕೈಯಲ್ಲೂ ನೂರಾರು ಕಡತಗಳಿರುತ್ತವೆ. ನಿಮ್ಮ ಕೈಯಲ್ಲಿರುವುದು ಒಂದೇ.

ಕಾಯಿಲೆ ಕಾರಣವಾದರೆ ಆಸ್ಪತ್ರೆಯ ಚೀಟಿ, ಬಿಲ್ಲುಗಳನ್ನು ಇಟ್ಟುಕೊಳ್ಳಿ. ಮನೆಯಲ್ಲಿ ಸಾವಾಗಿದ್ದರೆ ಮರಣ ಪ್ರಮಾಣಪತ್ರ. ನೆರೆ ಬಂದು ದಾರಿ ಕಡಿದಿದ್ದರೆ ಅದರ ದಾಖಲೆ. "ಕೆಲಸದ ಒತ್ತಡದಿಂದ" ಎಂಬ ಒಂದು ಸಾಲಿನ ಅಫಿಡವಿಟ್ಟಿಗೆ ಬೆಲೆಯಿಲ್ಲ. ಕೋವಿಡ್ ಕಾಲದ 15-3-2020ರಿಂದ 28-2-2022ರವರೆಗಿನ ದಿನಗಳನ್ನು ಸುಪ್ರೀಂ ಕೋರ್ಟು ಎಲ್ಲರಿಗೂ ಲೆಕ್ಕದಿಂದ ಬಿಟ್ಟುಕೊಟ್ಟಿತ್ತು. ಆ ನಡುವೆ ವಾಯಿದೆ ಬಿದ್ದವರು ತಮ್ಮ ವಕೀಲರಿಗೆ ಅದನ್ನು ನೆನಪಿಸಬೇಕು.

ಸರ್ಕಾರಕ್ಕೊಂದು ನ್ಯಾಯ, ರೈತರಿಗೊಂದು ನ್ಯಾಯವೇ ಎಂದು ಕೇಳುವವರಿಗೂ ಒಂದು ಮಾತು. ಒಂದು ಕಾಲದಲ್ಲಿ ಹಾಗೆ ತೋರುತ್ತಿದ್ದದ್ದು ನಿಜ. ಜಮ್ಮು ಕಾಶ್ಮೀರದ ಅನಂತನಾಗದಲ್ಲಿ ಸಾರ್ವಜನಿಕ ಉದ್ದೇಶಕ್ಕೆಂದು ಪಡೆದ ಜಮೀನಿನ ಪರಿಹಾರ ಹೆಚ್ಚಾದಾಗ ಸರ್ಕಾರ 4 ದಿನ ತಡವಾಗಿ ಅಪೀಲು ಹೋಯಿತು. 1987ರಲ್ಲಿ ಸುಪ್ರೀಂ ಕೋರ್ಟು ಮನ್ನಿಸಿತು. ಪ್ರತಿಯೊಂದು ದಿನದ ತಡಕ್ಕೂ ವಿವರಣೆ ಕೊಡಿ ಎಂದು ಶುಷ್ಕವಾಗಿ ಹಿಡಿದು ಕೂರಬಾರದೆಂದು ಅಂದು ಹೇಳಿದ ಮಾತು ಇಂದಿಗೂ ಎಲ್ಲ ಕೋರ್ಟುಗಳಲ್ಲಿ ಓದಲ್ಪಡುತ್ತದೆ; ರೈತರಿಗೂ ಉಪಯೋಗಕ್ಕೆ ಬಂದಿದೆ. ಆದರೆ ಆಮೇಲೆ ಗಾಳಿ ತಿರುಗಿದೆ. 2012ರಲ್ಲಿ ಅಂಚೆ ಇಲಾಖೆಯ 427 ದಿನದ ತಡವನ್ನು, ಕಡತ ಮೇಜಿನಿಂದ ಮೇಜಿಗೆ ಹೋಗುವುದು ಕಾರಣವಲ್ಲವೆಂದು ಅದೇ ಕೋರ್ಟು ತಳ್ಳಿಹಾಕಿತು. ನಮ್ಮ ರಾಜ್ಯದ್ದೇ ಆದ 2025ರ ತೀರ್ಪು ಇನ್ನೂ ದೊಡ್ಡದು. ಜಮೀನಿನ ಹಕ್ಕಿಗಾಗಿ ಹೋರಾಡುತ್ತಿದ್ದ ಒಂದು ಕುಟುಂಬದ ಎದುರು ಕರ್ನಾಟಕ ಗೃಹ ಮಂಡಳಿಯು 3966 ದಿನ ತಡವಾಗಿ ಎರಡನೆಯ ಅಪೀಲು ಹಾಕಿತ್ತು. ಹೈಕೋರ್ಟು ಮನ್ನಿಸಿದ್ದನ್ನು ಸುಪ್ರೀಂ ಕೋರ್ಟು ರದ್ದುಮಾಡಿತು.

ಈ ಕೊನೆಯ ತೀರ್ಪನ್ನು ನೋಡಿದ ಮೇಲೆ, ಅಪೀಲಿಗೆ ದಿನದ ಮಿತಿಯೇ ಬೇಡವೆನ್ನುವವರು ಸ್ವಲ್ಪ ನಿಲ್ಲಬೇಕು. ಗೆದ್ದವರೂ ರೈತರೇ. ತೀರ್ಪನ್ನು ನಂಬಿ ಹೊಲಕ್ಕೆ ಗೊಬ್ಬರ ಹೊಡೆಸಿ, ತೆಂಗಿನ ಸಸಿ ಇಟ್ಟು, ಹನಿ ನೀರಾವರಿಗೆ ಸಾಲ ಮಾಡಿದವರ ಮೇಲೆ ಹತ್ತು ವರ್ಷದ ನಂತರ ಅಪೀಲು ಬಂದರೆ ಅವರ ಗತಿಯೇನು? ಎಂದೋ ಒಂದು ದಿನ ವ್ಯಾಜ್ಯ ಮುಗಿಯಬೇಕು. ನಮ್ಮ ಹಿಂದಿನ ತಲೆಮಾರು ಇಂಥ ಗಡುವನ್ನು ಕಂಡಿದೆ. ಭೂಸುಧಾರಣೆಯಲ್ಲಿ ಗೇಣಿದಾರರು ಫಾರಂ ನಂ. 7 ಕೊಡಲು 30-6-1979 ಕೊನೆಯ ದಿನವಾಗಿತ್ತು. ಅಷ್ಟರೊಳಗೆ ಕೊಟ್ಟವರ ಮಕ್ಕಳು ಇಂದು ಜಮೀನಿನ ಒಡೆಯರು. ಧಣಿಗಳ ದಾಕ್ಷಿಣ್ಯಕ್ಕೋ, ತಿಳಿಯದೆಯೋ ಬಿಟ್ಟವರ ಮಕ್ಕಳು ಏನಾಗಿದ್ದಾರೆಂದು ನಿಮ್ಮೂರಿನಲ್ಲೇ ನೋಡಬಹುದು.

ಸಿವಿಲ್ ಅಪೀಲಿನ ಹೊರಗೂ ಇಂಥ ಗಡುವುಗಳಿವೆ. ಎರಡನ್ನು ಮಾತ್ರ ಹೇಳುತ್ತೇನೆ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಪರಿಹಾರ ಕಡಿಮೆಯಾಯಿತೆಂದು ಪ್ರಾಧಿಕಾರಕ್ಕೆ ಕಳಿಸಲು ಕೇಳುವ ಅರ್ಜಿಗೆ, ಐತೀರ್ಪಿನ ದಿನ ನೀವು ಹಾಜರಿದ್ದರೆ, 6 ವಾರ. ಕಳಪೆ ಬೀಜದ ದೂರನ್ನು ಗ್ರಾಹಕರ ಆಯೋಗಕ್ಕೆ ಕೊಡಲು 2 ವರ್ಷ. ಜಿಲ್ಲಾ ಆಯೋಗದ ಆದೇಶದ ಮೇಲೆ ರಾಜ್ಯ ಆಯೋಗಕ್ಕೆ 45 ದಿನ. ತಹಶೀಲ್ದಾರರ, ಉಪವಿಭಾಗಾಧಿಕಾರಿಗಳ ಆದೇಶಗಳಿಗೆ ಗಡುವು ಬೇರೆ ಬೇರೆ. ಆದೇಶ ಕೈಗೆ ಬಂದ ದಿನವೇ ಕೇಳಿ ತಿಳಿಯಬೇಕು.

ಈಗ ನನ್ನ ತಕರಾರು. ಆಲಿಕಲ್ಲು ಮಳೆ ಬಿದ್ದರೆ 72 ಗಂಟೆಯೊಳಗೆ ಬೆಳೆವಿಮೆಗೆ ತಿಳಿಸಬೇಕೆಂದು ನಾವು ಗೋಡೆಯ ಮೇಲೆ ಬರೆಸುತ್ತೇವೆ, ಟಾಂಟಾಂ ಹೊಡೆಸುತ್ತೇವೆ, ವಾಟ್ಸಾಪಿಗೆ ಕಳಿಸುತ್ತೇವೆ. ಒಂದು ಹಂಗಾಮಿನ ಬೆಳೆಗೆ ಇಷ್ಟು ಪ್ರಚಾರ. ಹೊಲವೇ ಹೋಗುವ 30 ದಿನದ ಗಡುವಿಗೆ ಪ್ರಚಾರವೇ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1976ರ ತಿದ್ದುಪಡಿಯಲ್ಲಿ ಒಂದು ಒಳ್ಳೆಯ ನಿಯಮ ಸೇರಿದೆ, 20ನೆಯ ಆದೇಶದ 5ಎ ನಿಯಮ. ತೀರ್ಪು ಹೇಳುವಾಗ ನ್ಯಾಯಾಧೀಶರು ಹಾಜರಿರುವ ಕಕ್ಷಿದಾರರಿಗೆ, ಅಪೀಲು ಯಾವ ಕೋರ್ಟಿಗೆ, ಎಷ್ಟು ದಿನದೊಳಗೆ ಎಂಬುದನ್ನು ತಿಳಿಸಿ, ತಿಳಿಸಿದ್ದನ್ನು ದಾಖಲೆಯಲ್ಲಿ ಬರೆಯಬೇಕು. ಆದರೆ ಎರಡೂ ಪಕ್ಷದವರಿಗೆ ವಕೀಲರಿದ್ದರೆ ಇದರ ಅಗತ್ಯವಿಲ್ಲವೆಂದು ಅದೇ ನಿಯಮ ಬಿಟ್ಟುಬಿಟ್ಟಿದೆ. ವಕೀಲರಿಲ್ಲದೆ ಜಮೀನಿನ ದಾವೆ ನಡೆಸುವವರು ಎಷ್ಟು ಜನ? ಹಾಗಾಗಿ ಅದರ ಫಲ ನಮಗೆ ಸಿಕ್ಕುವುದೇ ಅಪರೂಪ. ನಕಲು ಕೊಡುವಾಗ ಅದರ ಮೊದಲ ಪುಟದ ಮೇಲೆ, "ಇದರ ಮೇಲೆ ಅಪೀಲು ಇಂಥ ಕೋರ್ಟಿಗೆ, ಇಷ್ಟು ದಿನದೊಳಗೆ" ಎಂದು ಕನ್ನಡದಲ್ಲಿ ಒಂದು ರಬ್ಬರು ಮೊಹರು ಒತ್ತಿದರೆ ಏನು ಖರ್ಚು? ಬೀಜದ ಚೀಲದ ಮೇಲೆ ಪರೀಕ್ಷೆಯ ದಿನವನ್ನೂ ಅವಧಿ ಮುಗಿಯುವ ದಿನವನ್ನೂ ನಮೂದಿಸದೆ ಮಾರುವಂತಿಲ್ಲ. ಹೊಲದ ಹಣೆಬರಹ ಬರೆದ ಕಾಗದದ ಮೇಲೆ ಅಷ್ಟೂ ಬೇಡವೇ?

ಅದು ಆಗುವವರೆಗೆ ಕೆಲಸ ನಿಮ್ಮದೇ. ತೀರ್ಪು ಬರುವ ದಿನ ಯಾರನ್ನೋ ಕಳಿಸದೆ ನೀವೇ ಹೋಗಿ. ಹೋದ ದಿನವೇ ನಕಲಿಗೆ ಅರ್ಜಿ ಹಾಕಿಸಿ ಅದರ ಸಂಖ್ಯೆ ಬರೆದುಕೊಳ್ಳಿ. ಅಪೀಲು ಹಾಕಬೇಕೋ ಬೇಡವೋ ಎಂಬ ಯೋಚನೆ ಆಮೇಲೆ. ಎಲ್ಲ ಸೋಲಿಗೂ ಅಪೀಲು ಹೋಗಬೇಕೆಂದು ನಾನು ಹೇಳುತ್ತಿಲ್ಲ. ಅಣ್ಣ ತಮ್ಮಂದಿರ ಜಗಳದಲ್ಲಿ ಎಷ್ಟೋ ಸಲ ಅಲ್ಲಿಗೇ ಬಿಡುವುದು ಲಾಭ.

ಖರ್ಚಿಗೆ ಅಂಜಿ ದಿನ ಕಳೆಯುವವರಿಗೆ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ನೆರೆ ಬರಗಳಿಗೆ ಸಿಕ್ಕಿ ನೊಂದವರಿಗೆ ವಕೀಲರ ನೆರವು ಉಚಿತ. ಉಳಿದವರಿಗೆ ಆದಾಯದ ಮಿತಿಯುಂಟು. 15100 ಸಂಖ್ಯೆಗೆ ಫೋನು ಮಾಡಿದರೂ ದಾರಿ ತೋರಿಸುತ್ತಾರೆ. ಆ ಸಮಿತಿಯವರು ಹಳ್ಳಿಗಳಲ್ಲಿ ಆಗಾಗ ಕಾನೂನು ಅರಿವಿನ ಶಿಬಿರ ನಡೆಸುತ್ತಾರೆ, ನ್ಯಾಯಾಧೀಶರೇ ಬರುವುದೂ ಉಂಟು. ನಿಮ್ಮೂರಿಗೆ ಬಂದಾಗ ಹಾರ ಹಾಕಿ ಕಳಿಸಿಬಿಡಬೇಡಿ. ನಕಲಿನ ಮೇಲೆ ಆ ಮೊಹರು ಒತ್ತಿಸಲು ಆಗುತ್ತದೆಯೇ ಎಂದು ಎದ್ದು ನಿಂತು ಕೇಳಿ.